ಕಾಲೂರದ ಧೂಪದಾನಿ

ಲಿನ್‌ಆನ್ ನಗರ
ಜಿಯಾಡಿಂಗ್ ಆಳ್ವಿಕೆಯ ಆರನೆಯ ವರ್ಷ, ಎರಡನೆಯ ತಿಂಗಳು, ಹದಿನೆಂಟು

ಅತ್ತಿಗೆಗೆ ಶಿಸಾನ್ ತಲೆಬಾಗಿ ಬರೆದದ್ದು.

ಮೊದಲು ಖರ್ಚಿನ ಲೆಕ್ಕ ಒಪ್ಪಿಸುತ್ತೇನೆ. ಅರವತ್ತೆರಡು ಬಟ್ಟಲು ಚಹಾ. ಅದರಲ್ಲಿ ಐವತ್ತು ನಾನು ಕುಡಿಸಿದ್ದು, ಹನ್ನೆರಡು ಅವರು ಕುಡಿಸಿದ್ದು. ಎರಡು ಜೊತೆ ಹುಲ್ಲಿನ ಚಪ್ಪಲಿ. ಒಬ್ಬ ಮುದುಕರ ಮೊಮ್ಮಗ ಬರೆದ ಕವಿತೆಗಳನ್ನು ಮೂರು ಸಲ ಕೇಳಿದ್ದು, ಎರಡು ಸಲ ಕಣ್ಣೊರೆಸಿಕೊಂಡದ್ದು. ಒಂದು ಹಲ್ಲು; ಅದು ಹೇಗೂ ಬೀಳುವುದಿತ್ತು, ಆದರೆ ಬಿದ್ದದ್ದು ಆ ಮುದುಕರ ಮನೆಯ ಮಿಠಾಯಿ ಕಚ್ಚಿದಾಗ, ಹಾಗಾಗಿ ಈ ಬಾಬತ್ತಿಗೇ ಸೇರಿಸಿದ್ದೇನೆ. ಸುಳ್ಳು ದೊಡ್ಡವು ನಾಲ್ಕು, ಚಿಕ್ಕವನ್ನು ಎಣಿಸಿಲ್ಲ. ಇಷ್ಟೆಲ್ಲ ಸುರಿದ ಮೇಲೆ ಕೈಗೆ ಬಂದದ್ದು ಒಂದು ಬೇಡಿಕೆ. ಒಂದೇ ಒಂದು ಧೂಪದಾನಿ.

ನಗಬೇಡಿ. ಕೇಳಿದವರು ಯಾರೆಂದು ನೋಡಿ: ರಾಜಧಾನಿಯ ಧೂಪದ ವ್ಯಾಪಾರಿಗಳ ಸಂಘ, ನಲವತ್ತು ಅಂಗಡಿಗಳದ್ದು. ಇವರ ಅಜ್ಜಂದಿರು ಉತ್ತರದಿಂದ ಓಡಿ ಬರುವಾಗ ಸಂಘದ ಹಳೆಯ ಕಂಚಿನ ಧೂಪದಾನಿ ನದಿಪಾಲಾಯಿತಂತೆ. ಚಿತ್ರ ಮಾತ್ರ ಉಳಿದಿದೆ. ಗಿಡ್ಡ ಕೊಳಗದಂಥ ಮೈ, ಅಡಿಯಲ್ಲಿ ಮೋಡದ ಸುರುಳಿಯಂಥ ಮೂರು ಪುಟ್ಟ ಕಾಲು. ಈಗ ಅದನ್ನೇ ನಮ್ಮ ಬೆಟ್ಟದ ಹಸಿರು ಮೆರುಗಿನ ಮಣ್ಣಿನಲ್ಲಿ ಮಾಡಿಸುವ ಆಸೆ. ಸಂಘದ ಹಿರಿಯರು ಲೂ ಜಿಂಗ್ (ಮೊಮ್ಮಗನ ಕವಿತೆಯವರು ಇವರೇ) ಮುಖ ಗಂಟುಹಾಕಿಕೊಂಡೇ ಹೇಳಿದರು: ‘ಚಿತ್ರದಲ್ಲಿ ಇದ್ದಂಗೇ ಇರ್ಬೇಕು ಕಣಯ್ಯ. ಒಂದು ಕೂದಲೆಳೆ ಆಚೆ ಈಚೆ ಆದ್ರೂ ವಾಪಸ್ ತಗೊಂಡು ಹೋಗು.’

ಇನ್ನೊಂದು ಮಾತು. ಎಂಟನೆಯ ತಿಂಗಳ ಹುಣ್ಣಿಮೆಗೆ, ಊರವರೆಲ್ಲ ಪಾತ್ರೆ ಸುಡುವ ಆ ಉದ್ದನೆಯ ಆವಿಗೆಯ ಜಾಗ ಹಂಚುವ ಸಭೆ ಇದೆಯಂತೆ. ಅಷ್ಟರೊಳಗೆ ರಾಜಧಾನಿಯ ದೊಡ್ಡ ಬೇಡಿಕೆಯೊಂದನ್ನು ಪೂರೈಸಿ ಒಪ್ಪಿಗೆಯ ಮುದ್ರೆ ತೋರಿಸದಿದ್ದರೆ, ಆವಿಗೆಯ ಹೊಟ್ಟೆಭಾಗದಲ್ಲಿರುವ ನಮ್ಮ ಮನೆಯ ಜಾಗವನ್ನು ಬಟ್ಟಲು ಮಾಡುವ ವೆಂಗ್ ಬೊಗೆ ಕೊಟ್ಟು ನಿಮ್ಮನ್ನು ಬಾಲಕ್ಕೆ ತಳ್ಳುತ್ತಾರಂತೆ. ಇದನ್ನು ನನಗೆ ಹೇಳಿದವನು ನಮ್ಮ ಪತ್ರ ಒಯ್ಯುವ ಉಪ್ಪಿನ ದೋಣಿಯವನು. ನೀವಲ್ಲ.

ಚಿತ್ರದ ನಕಲನ್ನು ನನ್ನ ಕೈಯಾರೆ ಮಾಡಿ ಕಳಿಸಿದ್ದೇನೆ. ಅಳತೆಯ ವಿಷಯದಲ್ಲಿ ನೀವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಯಿನ್ ಶಿಸಾನ್

*

ಶಿಕೆಂಗ್ ಹಳ್ಳಿ, ಲೊಂಗ್‌ಚುವಾನ್ ಬೆಟ್ಟ
ಮೂರನೆಯ ತಿಂಗಳು, ಹನ್ನೊಂದು

ಶಿಸಾನ್‌ಗೆ ಅತ್ತಿಗೆ ಯುನಿಯಾಂಗ್ ಹೇಳಿ ಬರೆಸಿದ್ದು. ಬರೆದ ಕೈ ಭಿಕ್ಷು ಹುಯಿಚಿಯದು.

ನಿನ್ನ ಪತ್ರವನ್ನು ಭಿಕ್ಷುಗಳು ಎಂದಿನಂತೆ ಕರ್ಪೂರದ ಮರದ ಕೆಳಗೆ ನಿಂತು ಓದಿದರು. ಈ ಊರಲ್ಲಿ ಪತ್ರ ಬಂದರೆ ಎಲ್ಲರಿಗೂ ಬಂದಂತೆ ಎಂಬುದನ್ನು ನೀನು ಮರೆತಿದ್ದೀಯ. ವೆಂಗ್ ಬೊ ಮುಂದಿನ ಸಾಲಲ್ಲೇ ಕೂತಿದ್ದ. ತನ್ನ ಹೆಸರು ಬಂದ ಕೂಡಲೇ ಎದ್ದ.

‘ಏನಮ್ಮಾ ಯುನಿಯಾಂಗ್, ಒಂದು ಧೂಪದಾನಿಗೆ ಆವಿಗೆ ಹೊಟ್ಟೆಯೆಲ್ಲ ಬೇಕಾ ನಿಂಗೆ? ಅದೇ ಜಾಗದಲ್ಲಿ ನಾನು ಎಂಟ್ನೂರು ಬಟ್ಲು ಸುಡ್ತೀನಿ.’

‘ಸುಡು ಮಾವ, ಬೇಡ ಅಂದೋರ್ಯಾರು? ಎಂಟ್ನೂರೂ ಒಂದೇ ಕಡೆ ಸೊಟ್ಟಗಿರ್ತವೆ, ಜೋಡಿಸೋಕೆ ಸಲೀಸು.’

ನಾಲ್ಕು ಜನ ನಕ್ಕರು. ಐದನೆಯವರು ಆವಿಗೆಯ ಯಜಮಾನರು, ಅವರು ನಗಲಿಲ್ಲ.

ಸಭೆಯ ವಿಷಯ ನಿನಗೆ ಯಾಕೆ ಬರೆಯಲಿಲ್ಲವೆಂದರೆ, ಬರೆದಿದ್ದರೆ ನೀನು ಓಡಿ ಬಂದು ಭಾಷಣ ಮಾಡುತ್ತಿದ್ದೆ. ಕಳೆದ ಸಲ ನೀನು ಭಾಷಣ ಮಾಡಿದಾಗ ನಮಗೆ ಬಾವಿಯ ಪಾಳಿ ತಪ್ಪಿತು.

ಹೊಟ್ಟೆಭಾಗ ಹೋದರೆ ಏನಾಗುತ್ತದೆಂದು ನಿನಗೆ ಗೊತ್ತು. ನಾಲ್ಕು ಸಲ ಬಳಿದ ದಪ್ಪ ಮೆರುಗು ಕರಗಿ ಹಸಿರಾಗುವ ಕಾವು ಅಲ್ಲಿ ಮಾತ್ರ. ಬಾಲದಲ್ಲಿ ಸುಟ್ಟರೆ ಅದು ಕೊಳದ ನೀರಿನ ಬಣ್ಣಕ್ಕೆ ನಿಲ್ಲುತ್ತದೆ. ನಿನ್ನ ಅಣ್ಣ ತೀರಿಹೋದ ಮೇಲೆ ಆರು ವರ್ಷ ಆ ಹಸಿರನ್ನು ನಾನು ಹಿಡಿದಿಟ್ಟಿದ್ದೇನೆ. ಬಿಡುವುದಿಲ್ಲ.

ಚಿತ್ರ ತಲುಪಿತು. ಅರ್ಥವಾಯಿತು. ತಿಗರಿಯ ಮುಂದೆ ಕೂತಿದ್ದೇನೆ.

(ಇಲ್ಲಿ ವೆಂಗ್ ಬೊ ಕುರಿತು ಹೇಳಿದ ಒಂದು ಸಾಲನ್ನು ಬಿಟ್ಟಿದ್ದೇನೆ. ಅದು ಭಿಕ್ಷುವಿನ ಕೈಯಿಂದ ಬರುವಂಥದ್ದಲ್ಲ. ಹುಯಿಚಿ.)

*

ಲಿನ್‌ಆನ್
ನಾಲ್ಕನೆಯ ತಿಂಗಳು, ಇಪ್ಪತ್ತು

ಅತ್ತಿಗೆ,

‘ಅರ್ಥವಾಯಿತು’ ಎಂಬ ಒಂದು ಪದವನ್ನು ಹಿಡಿದುಕೊಂಡು ನಾನು ಇಪ್ಪತ್ತೈದು ದಿನ ಕಳೆದಿದ್ದೇನೆ. ನನ್ನ ದಲ್ಲಾಳಿ ಕಸುಬಿನಲ್ಲಿ ಒಂದು ಪದಕ್ಕೆ ಯಾರೂ ಏನೂ ಕೊಡುವುದಿಲ್ಲ.

ಇಲ್ಲಿ ಕೆಲಸ ಓಡುತ್ತಿದೆ. ಸಂಘದವರು ಆಗಲೇ ಕರಿಮರದ ಪೀಠ ಮಾಡಿಸಿಬಿಟ್ಟರು. ಬಡಗಿ ಕೂದಲನ್ನು ಸೀಳಿ ಅಳೆಯುವ ಆಸಾಮಿ. ಪೀಠದ ನಡುವೆ ಅರ್ಧ ಬೆರಳು ಆಳದ ದುಂಡನೆಯ ಕುಳಿ ಕೆತ್ತಿದ್ದಾನೆ. ಐದು ಅಂಗುಲ ಅಗಲ, ಮೇಲೊಂದು ಅಕ್ಕಿಕಾಳು ಸಡಿಲ. ಚಿತ್ರದ ಪ್ರಕಾರ ಮೂರೂ ಕಾಲು ಸರಿಯಾಗಿ ಅದರೊಳಗೆ ಕೂರಬೇಕು. ‘ನಿಮ್ಮ ಧೂಪದಾನಿ ಬಂದು ಕೂತ್ರೆ ಇರುವೆಗೂ ಜಾಗ ಇರಲ್ಲ’ ಎಂದ. ನಾನು ಅವನ ಬೆನ್ನು ತಟ್ಟಿದೆ. ಚಹಾ ಅರವತ್ತಮೂರು.

ಸಭಾಮಂದಿರದಲ್ಲಿ ಧೂಪ ಹೊತ್ತಿಸುವುದು ಏಳನೆಯ ತಿಂಗಳ ಮೊದಲ ದಿನ. ದಿನ ಮುಂದೂಡುವುದಿಲ್ಲ ಎಂದಿದ್ದಾರೆ. ಏನಾಗಿದೆ ಬರೆಸಿ.

ಶಿಸಾನ್

*

ಶಿಕೆಂಗ್
ಐದನೆಯ ತಿಂಗಳು, ಇಪ್ಪತ್ತೇಳು

ಶಿಸಾನ್,

ಪತ್ರ ಬರೆಸುವುದಕ್ಕೆ ಕೈ ಬಿಡುವಿರಲಿಲ್ಲ, ಬಾಯಿಗೂ ಮನಸ್ಸಿರಲಿಲ್ಲ.

ಮೊದಲ ಸುಡಿಗೆಗೆ ಹತ್ತೊಂಬತ್ತು ಧೂಪದಾನಿ ಇಟ್ಟೆ. ಒಂದೊಂದನ್ನೂ ಒಂದೊಂದು ಮಣ್ಣಿನ ಡಬ್ಬಿಯೊಳಗೆ ಕೂರಿಸಿ, ಹೊಟ್ಟೆಭಾಗದಲ್ಲಿ ಸಾಲಾಗಿ. ಐದು ದಿನ ಆರಲು ಬಿಟ್ಟು ಬಾಗಿಲು ಒಡೆದರೆ ಒಳಗೆ ಮದುವೆಮನೆಯ ಹಿಂದಿನ ಅಂಗಳ ಕಂಡಂತಾಯಿತು. ಕೆಲವು ಮಂಡಿಯೂರಿ ಕೂತಿದ್ದವು, ಕೆಲವು ಪಕ್ಕಕ್ಕೆ ಒರಗಿದ್ದವು, ಎರಡು ಕಾಲು ಚಾಚಿ ಮಲಗಿಯೇ ಬಿಟ್ಟಿದ್ದವು. ನಾಲ್ಕು ಪದರ ಮೆರುಗಿನ ಭಾರ ಹೊತ್ತು ಆ ಕಾವಿನಲ್ಲಿ ನಿಲ್ಲಲು ಆ ಪುಟ್ಟ ಕಾಲುಗಳಿಂದ ಆಗದು. ಕಂಚಿನ ಕಾಲನ್ನು ಮಣ್ಣಿನಲ್ಲಿ ಕೇಳಿದರೆ ಹೀಗೇ.

ವೆಂಗ್ ಬೊ ಬಂದು ಇಣುಕಿದ. ‘ಅಯ್ಯೋ ಪಾಪ, ಹತ್ತೊಂಬತ್ತೂ ದೇವ್ರಿಗೆ ನಮಸ್ಕಾರ ಮಾಡ್ತಿವೆ!’ ಎಂದು ಊರೆಲ್ಲ ಹೇಳಿಕೊಂಡು ಬಂದ.

ಎರಡನೆಯ ಸುಡಿಗೆಗೆ ಹನ್ನೆರಡು ಇಟ್ಟೆ. ನಾಲ್ಕು ಬಿರಿದವು. ಏಳರ ಮೆರುಗು ಗುಳ್ಳೆಯೆದ್ದಿತು. ಒಂದು ಬಂತು.

ಅದರ ಬಣ್ಣ ಹೇಳಿ ಬರೆಸಲಾರೆ. ಇನ್ನೂ ಹಣ್ಣಾಗದ ಪ್ಲಮ್ ಕಾಯಿಯ ಮೇಲೆ ಬೆಳಗಿನ ಮಂಜು ಕೂತಿರುತ್ತದಲ್ಲ, ಅದರ ಹತ್ತಿರ ಹತ್ತಿರ. ಯಜಮಾನರು ಬಂದು ನೋಡಿದರು, ಅಂಗಿಯ ತುದಿಯಿಂದ ಅದರ ಮೇಲಿನ ಬೂದಿ ಒರೆಸಿದರು. ಅವರು ತಮ್ಮ ಮಗನ ಪಾತ್ರೆಗೂ ಹಾಗೆ ಮಾಡಿದವರಲ್ಲ.

ಭತ್ತದ ಹೊಟ್ಟು ತುಂಬಿದ ಬುಟ್ಟಿಯಲ್ಲಿಟ್ಟು ಉಪ್ಪಿನ ದೋಣಿಯವನ ಕೈಗೆ ಕೊಟ್ಟಿದ್ದೇನೆ. ನಾನು ಒಂದು ಕೆಲಸ ಮಾಡಿದ್ದೇನೆ, ಬಿಚ್ಚಿದಾಗ ನಿನಗೇ ಕಾಣುತ್ತದೆ. ಕೂಗಾಡಬೇಡ.

ಯುನಿಯಾಂಗ್

*

ಲಿನ್‌ಆನ್
ಆರನೆಯ ತಿಂಗಳು, ಇಪ್ಪತ್ತನಾಲ್ಕು

ಅತ್ತಿಗೆ,

ಕೂಗಾಡಿದೆ. ಪಕ್ಕದ ಅಂಗಡಿಯವನು ಬೆಂಕಿ ಬಿತ್ತೆಂದು ನೀರು ಹಿಡಿದುಕೊಂಡು ಬಂದ.

ಹೊಟ್ಟು ಸರಿಸಿ ಅದನ್ನು ಬೆಳಕಿಗೆ ಹಿಡಿದೆ. ಎಷ್ಟೋ ವರ್ಷದ ನಂತರ ನಮ್ಮ ಬೆಟ್ಟವನ್ನು ನೋಡಿದ ಹಾಗಾಯಿತು. ಆಮೇಲೆ ಅಳತೆಕೋಲು ತಂದೆ. ಮೈಯ ಅಗಲ ಏಳು ಅಂಗುಲ! ಆರಿರಬೇಕಾದ್ದು ಏಳು! ಐದರೊಳಗೆ ಕೂರಬೇಕಾದ ಕಾಲುಗಳು ಆರರ ತನಕ ಹರಡಿವೆ. ಬಡಗಿಯ ಕುಳಿಯೊಳಗೆ ಅವು ಇಳಿಯುವುದಿಲ್ಲ.

ಈಗ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಹಸಿಮಣ್ಣಿನಲ್ಲಿ ಏಳು ಅಂಗುಲ ಮಾಡಿದ್ದು ಸುಟ್ಟ ಮೇಲೆ ಆರಕ್ಕೆ ಇಳಿಯುತ್ತದೆಂದು ನನಗೂ ಗೊತ್ತು, ನಾನೂ ಅದೇ ಊರಲ್ಲಿ ಹುಟ್ಟಿದವನು. ಅದಕ್ಕೇ ನಕಲು ಮಾಡುವಾಗ ಚಿತ್ರದ ಆರನ್ನು ಏಳಾಗಿ ಹಿಗ್ಗಿಸಿ ಬರೆದೆ. ನೀವು ಚಿತ್ರದಂತೆಯೇ ಮಾಡಿದರೆ ಸುಟ್ಟ ಮೇಲೆ ಸರಿಹೋಗುತ್ತದೆ ಎಂಬ ಲೆಕ್ಕ. ನಿಮಗೆ ಹೇಳಲಿಲ್ಲ. ಊರು ಬಿಟ್ಟು ಬಾಯಿ ಮಾರಿ ಬದುಕುವವನಿಗೂ ಮಣ್ಣು ಗೊತ್ತು ಎಂದು ಕೊನೆಯಲ್ಲಿ ತೋರಿಸುವ ಚಪಲ. ನೀವೂ ಹಿಗ್ಗಿಸುತ್ತೀರಿ ಎಂಬುದು ಹೊಳೆಯಲೇ ಇಲ್ಲ. ಹೊಳೆಯಬೇಕಿತ್ತು.

ಅದಿರಲಿ. ನೀವು ಮಾಡಿದ್ದೇನು? ಅಡಿಯಲ್ಲಿ, ಮೂರು ಕಾಲುಗಳ ಒಳಗಡೆ, ಮಣ್ಣಿನದೊಂದು ಬಳೆ! ಪಾತ್ರೆಯ ಭಾರವೆಲ್ಲ ಆ ಬಳೆಯ ಮೇಲೆ. ಕಾಲುಗಳು ನೆಲದಿಂದ ಒಂದು ಬೆರಳಗಲ ಮೇಲೆ ತೂಗುತ್ತಿವೆ, ಕಟ್ಟೆಯ ಮೇಲೆ ಕೂತ ಮಕ್ಕಳ ಕಾಲಿನ ಹಾಗೆ. ಇದು ಚಿತ್ರದಲ್ಲಿ ಎಲ್ಲಿದೆ ಅತ್ತಿಗೆ? ಲೂ ಜಿಂಗ್ ಕೂದಲೆಳೆ ಎಂದಿದ್ದರು.

ಆರು ದಿನ ಉಳಿದಿದೆ. ಇನ್ನೊಂದು ಧೂಪದಾನಿ ಇಲ್ಲ. ಇದನ್ನೇ ಒಯ್ಯುತ್ತೇನೆ. ಮುದ್ರೆ ಸಿಗುತ್ತದೆಂದು ಭರವಸೆ ಇಟ್ಟುಕೊಳ್ಳಬೇಡಿ.

ಶಿಸಾನ್

*

ಲಿನ್‌ಆನ್
ಏಳನೆಯ ತಿಂಗಳು, ಮೂರು

ಅತ್ತಿಗೆ! ಈ ಪತ್ರದ ಜೊತೆಗಿರುವ ಕೆಂಪು ಮುದ್ರೆಯ ಕಾಗದವನ್ನು ಮೊದಲು ಒಣಗಿದ ಜಾಗದಲ್ಲಿಟ್ಟು, ಆಮೇಲೆ ಓದಿಸಿಕೊಳ್ಳಿ.

ಮೊದಲ ದಿನ ಬೆಳಿಗ್ಗೆ ನಲವತ್ತು ಮಂದಿ ಸಭಾಮಂದಿರದಲ್ಲಿ ಕೂತಿದ್ದರು. ನಡುವೆ ಕರಿಮರದ ಪೀಠ. ಪಕ್ಕದಲ್ಲಿ ಅಳತೆಕೋಲು ಹಿಡಿದ ಬಡಗಿ. ನಾನು ಬುಟ್ಟಿಯನ್ನು ಅಪ್ಪಿಕೊಂಡೇ ಮಾತು ಶುರು ಮಾಡಿದೆ. ಬೆಟ್ಟದ ಮಣ್ಣು, ಪೈನ್ ಮರದ ಬೆಂಕಿ, ಸತ್ತ ಅಣ್ಣ, ಎಲ್ಲ ಬಂತು. ಊರಿನ ಬಾವಿಯವರೆಗೆ ಬಂದಾಗ ಲೂ ಜಿಂಗ್ ಕೈಯೆತ್ತಿದರು.

‘ಮಾತು ಸಾಕಯ್ಯ. ಎತ್ತಿಡು.’

ಹೊಟ್ಟಿನಿಂದ ಎತ್ತಿದೆ. ಆ ಹಸಿರು ಕಂಡು ಹಿಂದಿನ ಸಾಲಿನಲ್ಲಿ ಯಾರೋ ಎದ್ದು ನಿಂತರು. ಆದರೆ ಬಡಗಿ ಕಣ್ಣಲ್ಲೇ ಅಳೆದುಬಿಟ್ಟ. ‘ಯಜಮಾನ್ರೇ, ಇದು ದೊಡ್ಡದು. ಕಾಲು ಕುಳಿಯೊಳಗೆ ಇಳಿಯಲ್ಲ. ನನ್ನ ಪೀಠದಲ್ಲಿ ತಪ್ಪಿಲ್ಲ, ಈಗ್ಲೇ ಹೇಳ್ತೀನಿ.’

‘ಇಟ್ಟು ನೋಡೋಣ’ ಎಂದರು ಲೂ ಜಿಂಗ್.

ಕಣ್ಣು ಮುಚ್ಚಿ ಇಳಿಸಿದೆ. ಎಲ್ಲಿಯೋ ಓರೆಯಾಗಿ ಸಿಕ್ಕಿಬೀಳುತ್ತದೆ ಎಂದುಕೊಂಡಿದ್ದೆ. ಸಣ್ಣಗೆ ಟಕ್ ಎಂದಿತು, ಪೆಟ್ಟಿಗೆಯ ಮುಚ್ಚಳ ಕೂತ ಹಾಗೆ. ಕಣ್ಣು ಬಿಟ್ಟರೆ ನಿಮ್ಮ ಬಳೆ ಬಡಗಿಯ ಕುಳಿಯೊಳಗೆ ಕೂತಿದೆ! ಐದಕ್ಕೆ ಐದು. ಇರುವೆಗೂ ಜಾಗವಿಲ್ಲ. ಮೂರು ಕಾಲೂ ಕುಳಿಯ ಅಂಚಿನ ಆಚೆ, ಕರಿಮರದ ಮೇಲೆ ಅರ್ಧ ಬೆರಳು ಎತ್ತರದಲ್ಲಿ, ಗಾಳಿಯಲ್ಲಿ ನಿಂತಿವೆ. ಪಾತ್ರೆಯೇ ಮೋಡದ ಮೇಲೆ ತೇಲಿ ಬಂದು ನಿಂತ ಹಾಗೆ.

ನಲವತ್ತು ಧೂಪದ ವ್ಯಾಪಾರಿಗಳೂ ಪೀಠದ ಸುತ್ತ ಮುತ್ತಿಕೊಂಡರು.

ಬೂದಿ ತುಂಬಿದರು. ಒಂದು ಅಂಗುಲ ಹೆಚ್ಚಿನ ಹೊಟ್ಟೆಯಲ್ಲವೇ, ಬೂದಿ ಆಳವಾಗಿ ಹಿಡಿಯಿತು. ಕೆಂಡವನ್ನು ಅಷ್ಟು ಆಳದಲ್ಲಿ ಹೂಳಿ, ಮೇಲೆ ಅಗರಿನ ಚೂರು ಇಟ್ಟರು. ಹೊಗೆ ಕಾಣಲಿಲ್ಲ. ಪರಿಮಳ ಮಾತ್ರ ಬಂತು, ಸದ್ದಿಲ್ಲದೆ, ಬಾಗಿಲ ತನಕ. ಇವರ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಲೂ ಜಿಂಗ್ ಬಹಳ ಹೊತ್ತು ಬಗ್ಗಿ ನೋಡಿದರು. ‘ಇದು ಚಿತ್ರದಲ್ಲಿ ಇದ್ದಂಗಿಲ್ಲ.’

‘ಇಲ್ಲ ಯಜಮಾನ್ರೇ.’

‘ಕಾಲು ಯಾಕೆ ಕೆಳಗೆ ಮುಟ್ಟಲ್ಲ?’

ಬಾಯಲ್ಲಿ ಮೂರು ಸುಳ್ಳು ಸಾಲಾಗಿ ನಿಂತಿದ್ದವು. ಯಾಕೋ ಒಂದೂ ಹೊರಡಲಿಲ್ಲ. ‘ನಂಗೊತ್ತಿಲ್ಲ. ನಮ್ಮತ್ತಿಗೆ ಮಾಡಿದ್ದು. ಅವರನ್ನೇ ಕೇಳ್ಬೇಕು’ ಎಂದೆ.

ಅವರು ತಲೆಯಾಡಿಸಿದರು. ‘ನಮ್ಮಪ್ಪ ಇದೇ ಊರಲ್ಲಿ ಐವತ್ತು ವರ್ಷ ಇದ್ದ. ಕೊನೇವರ್ಗೂ ಇದು ನಮ್ಮ ನೆಲ ಅಲ್ಲ, ಕಾಲೂರಬೇಡಿ ಅಂತಿದ್ದ. ಓಡಿ ಬಂದೋರ ಮನೆ ಧೂಪದಾನಿ ಹೀಗೇ ಇರ್ಬೇಕು ಕಣಯ್ಯ.’ ಎಂದು ಮುದ್ರೆ ತರಿಸಿದರು. ಹೊರಗೆ ಬರುವಷ್ಟರಲ್ಲಿ ನಲವತ್ತು ಅಂಗಡಿಯವರೂ ತಮಗೊಂದೊಂದು ಬೇಕೆಂದರು. ಏಳು ಅಂಗುಲದ್ದೇ. ಕಾಲು ತೂಗಬೇಕು.

ಶಿಸಾನ್

*

ಶಿಕೆಂಗ್
ಏಳನೆಯ ತಿಂಗಳು, ಒಂಬತ್ತು

ಶಿಸಾನ್,

ಆರನೆಯ ತಿಂಗಳ ಇಪ್ಪತ್ತನಾಲ್ಕರ ನಿನ್ನ ಪತ್ರ ನಿನ್ನೆ ಬಂತು. ನೀನೂ ಹಿಗ್ಗಿಸಿದೆ, ನಾನೂ ಹಿಗ್ಗಿಸಿದೆ. ಒಂದೇ ಪಲ್ಯಕ್ಕೆ ಇಬ್ಬರೂ ಉಪ್ಪು ಹಾಕಿದಂತಾಯಿತು. ತಿಗರಿ ಮುಟ್ಟುವ ಯಾರಿಗೇ ಆಗಲಿ, ಹಿಗ್ಗಿಸಬೇಕೆಂದು ಹೇಳಿಕೊಡಬೇಕೇ? ನೀನು ಬೇರೆ ಯಾವ ಕಸುಬಿನವನಾಗಿದ್ದರೂ ಈ ತಪ್ಪು ಆಗುತ್ತಿರಲಿಲ್ಲ.

ಬಳೆಯ ವಿಷಯ ಬರೆಸಲಿಲ್ಲ. ಬರೆಸಿದ್ದರೆ ನೀನು ಚಿತ್ರದಲ್ಲಿಲ್ಲ, ಬೇಡ ಎನ್ನುತ್ತಿದ್ದೆ. ಬಳೆ ಇಲ್ಲದೆ ಅದು ನಿಲ್ಲುತ್ತಿರಲಿಲ್ಲ. ಅಷ್ಟೇ ಕಾರಣ.

ನಿನ್ನ ಪತ್ರವನ್ನು ಮರದ ಕೆಳಗೆ ಓದಿದಾಗ ವೆಂಗ್ ಬೊ ಕೊನೆಯ ಸಾಲನ್ನು ಎರಡು ಸಲ ಓದಿಸಿದ. ಇವತ್ತು ಬೆಳಿಗ್ಗೆಯಿಂದ ಆವಿಗೆಯ ಹೊಟ್ಟೆಯ ಒಲೆಬಾಯಿಗಳ ಬಳಿ ತನ್ನ ಸೌದೆ ಒಟ್ಟಿಸುತ್ತಿದ್ದಾನೆ. ನಾನು ನನ್ನ ಡಬ್ಬಿಗಳನ್ನು ಎಣಿಸುತ್ತಿದ್ದೇನೆ. ಬಾಲದ ಕಡೆ ಎಷ್ಟು ಹಿಡಿಯುತ್ತವೋ ನೋಡಬೇಕು. ಬಾಲದಲ್ಲಿ ಬಟ್ಟಲು ಸುಟ್ಟೂ ಜನ ಬದುಕಿದ್ದಾರೆ.

ನಿನ್ನ ಮೇಲೆ ಸಿಟ್ಟಿಲ್ಲ. ಇದೆ, ಆದರೆ ಅದನ್ನು ಭಿಕ್ಷುಗಳು ಬರೆಯುವುದಿಲ್ಲ.

ಯುನಿಯಾಂಗ್

*

ಲಿನ್‌ಆನ್
ಎಂಟನೆಯ ತಿಂಗಳು, ಹತ್ತು

ಅತ್ತಿಗೆ,

ಮುದ್ರೆಯ ಕಾಗದ ತಲುಪಿತೇ? ನಿಮ್ಮ ಒಂಬತ್ತನೆಯ ತಾರೀಖಿನ ಪತ್ರ ಬಂದು ಹದಿನೈದು ದಿನವಾಯಿತು. ಆಮೇಲೆ ಒಂದು ಸಾಲಿಲ್ಲ. ಉಪ್ಪಿನ ದೋಣಿಯವನನ್ನು ಕೇಳಿದರೆ, ಕಾಗದ ಕೊಟ್ಟೆ, ಆಯಮ್ಮ ಬಾಗಿಲು ಹಾಕಿಕೊಂಡರು, ಅಷ್ಟೇ ಗೊತ್ತು ಎನ್ನುತ್ತಾನೆ. ಭಿಕ್ಷುಗಳು ಸಿಕ್ಕಿದರೂ ಮಾತಾಡಲಿಲ್ಲವಂತೆ.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಅಣ್ಣನ ಬೆಂಕಿಯನ್ನು ನನ್ನ ಚಪಲಕ್ಕೆ ಪಣವಿಟ್ಟೆ. ಮುದ್ರೆ ಸಿಕ್ಕಿದ್ದು ನನ್ನ ಜಾಣತನದಿಂದಲ್ಲ ಎಂದು ನನಗೆ ಗೊತ್ತು. ಬೈಯಿರಿ, ಆದರೆ ಬರೆಸಿ. ಹುಣ್ಣಿಮೆಗೆ ಐದು ದಿನ.

ಶಿಸಾನ್

*

ಶಿಕೆಂಗ್
ಎಂಟನೆಯ ತಿಂಗಳು, ಹದಿನೇಳು

ಶಿಸಾನ್,

ಸಿಟ್ಟೂ ಇಲ್ಲ ಏನೂ ಇಲ್ಲ. ಭಿಕ್ಷುಗಳು ಮೌನವ್ರತದಲ್ಲಿದ್ದರು, ಬರೆಯುವುದೂ ಮಾತೇ ಎಂದುಕೊಂಡಿದ್ದರು, ಅದಕ್ಕೇ ಬರೆಸಲಾಗಲಿಲ್ಲ. ವ್ರತ ಹಿಡಿಸಿದವಳು ನಾನೇ.

ನಿನ್ನ ಮುದ್ರೆಯ ಕಾಗದ ಬಂದದ್ದು ಏಳನೆಯ ತಿಂಗಳ ಹದಿನೇಳಕ್ಕೆ. ಭಿಕ್ಷುಗಳನ್ನು ಮನೆಗೆ ಕರೆದು, ಬಾಗಿಲು ಹಾಕಿ ಓದಿಸಿಕೊಂಡೆ. ಓದಿ ಮುಗಿಸಿ ಅವರೇ ಅತ್ತರು. ಕಿಟಕಿಯಿಂದ ನೋಡಿದರೆ ವೆಂಗ್ ಬೊನ ಸೌದೆ ಅಷ್ಟೊತ್ತಿಗೆ ಅರವತ್ತು ಹೊರೆ ಆಗಿತ್ತು.

‘ಇದನ್ನ ಮರದ ಕೆಳಗೆ ಓದ್ಬೇಡಿ ಗುರುಗಳೇ’ ಎಂದೆ.

‘ಯಾರಾದ್ರೂ ಕೇಳಿದ್ರೆ ನಾನು ಸುಳ್ಳು ಹೇಳಲ್ಲ ಯುನಿಯಾಂಗ್.’

‘ಸುಳ್ಳು ಯಾಕೆ ಹೇಳ್ತೀರಿ? ಮಾತೇ ಆಡ್ಬೇಡಿ. ಹುಣ್ಣಿಮೇವರ್ಗೂ ಒಂದು ವ್ರತ ಹಿಡೀರಿ, ಪುಣ್ಯ ಬರುತ್ತೆ.’

(ನಾನು ಒಪ್ಪಿದ್ದು ಪುಣ್ಯಕ್ಕಾಗಿಯೇ. ಹುಯಿಚಿ.)

ಹುಣ್ಣಿಮೆಯ ದಿನ ಆವಿಗೆ ದೇವರ ಗುಡಿಯ ಮುಂದೆ ಎಲ್ಲ ಮನೆಯವರೂ ಸೇರಿದರು. ವೆಂಗ್ ಬೊ ಹೊಸ ಅಂಗಿ ತೊಟ್ಟಿದ್ದ. ‘ಹೆಂಗಸು ಅಂತ ಯಾರಿಗೂ ಮುಲಾಜು ಬೇಡ. ಅವಳ ಮೈದುನನೇ ಬರ್ದಿದಾನೆ, ಮುದ್ರೆ ಸಿಗಲ್ಲ ಅಂತ. ನೀವೆಲ್ಲ ಕೇಳಿದೀರಿ. ಹೊಟ್ಟೆ ಜಾಗ ನಂದು’ ಎಂದ. ಯಜಮಾನರು ನನ್ನ ಕಡೆ ತಿರುಗಿ, ‘ಏನಮ್ಮ, ಹೇಳೋದಿದೆಯಾ?’ ಎಂದರು. ಅವರ ದನಿ ತಗ್ಗಿತ್ತು.

ನಾನು ಅಂಗಿಯ ತೋಳಿನೊಳಗಿಂದ ಮುದ್ರೆಯ ಕಾಗದವನ್ನೂ ನಿನ್ನ ಪತ್ರವನ್ನೂ ತೆಗೆದುಕೊಟ್ಟೆ. ಕೆಂಪು ಮುದ್ರೆ ಕಂಡವರು ಕತ್ತು ಚಾಚಿದರು. ಭಿಕ್ಷುಗಳ ವ್ರತ ಅಲ್ಲಿಯೇ ಮುಗಿಯಿತು. ಆ ಮರದ ಕೆಳಗೂ ಅಷ್ಟು ಗಟ್ಟಿಯಾಗಿ ಅವರು ಯಾವತ್ತೂ ಓದಿಲ್ಲ. ನಲವತ್ತು ಧೂಪದಾನಿ ಎಂಬಲ್ಲಿ ನಿಲ್ಲಿಸಿ ಸುತ್ತ ನೋಡಿದರು. ಹೆಂಗಸರು ಮೊದಲು ಕೂಗಿದರು, ಆಮೇಲೆ ಗಂಡಸರು. ಮಣ್ಣು ತುಳಿಯುವವರು ನನ್ನನ್ನು ಮಣ್ಣಿನ ಹೆಡಿಗೆಯಲ್ಲಿ ಕೂರಿಸಿ ಆವಿಗೆಯ ತಲೆಯಿಂದ ಬಾಲದವರೆಗೆ ಹೊತ್ತು ತಿರುಗಿದರು. ಇಳಿಸಿ ಎಂದು ಬೈದೆ. ಬಾಯಲ್ಲಿ ಬೈದೆ ಅಷ್ಟೇ.

ವೆಂಗ್ ಬೊ ಮುಖ ಒರೆಸಿಕೊಂಡು, ‘ಸರಿ, ನನ್ನ ಸೌದೆ ನಾನು ತಗೊಂಡು ಹೋಗ್ತೀನಿ’ ಎಂದ.

‘ಹೆಂಗೆ ತಗೊಂಡು ಹೋಗ್ತೀಯಪ್ಪ?’ ಎಂದರು ಯಜಮಾನರು. ‘ಒಲೆಬಾಯಿ ಮುಂದೆ ಒಟ್ಟಿದ ಸೌದೆ ದೇವರದ್ದು. ಆ ಬಾಯಲ್ಲೇ ಉರೀಬೇಕು. ಈ ಕಟ್ಟಳೆ ಮಾಡಿದ್ದು ನಿಮ್ಮಪ್ಪನೇ ಅಲ್ವಾ?’

ಇನ್ನೂರ ಹತ್ತು ಹೊರೆ, ಶಿಸಾನ್. ಒಣಗಿದ ಪೈನ್. ಅದಕ್ಕೇ ನಾನು ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಮೊದಲ ಸುಡಿಗೆ ಅವನ ಬೆಂಕಿಯಲ್ಲೇ.

ಆಮೇಲೆ ಪಾಪ ಎನಿಸಿತು. ನನ್ನ ಸಾಲಿನ ಪಕ್ಕದಲ್ಲಿ ಅವನ ಬಟ್ಟಲಿಗೂ ಒಂದಿಷ್ಟು ಜಾಗ ಕೊಟ್ಟಿದ್ದೇನೆ. ‘ನಿನ್ನ ಮಗಳು ಮೆರುಗು ಚೆನ್ನಾಗಿ ಬಳೀತಾಳೆ ಮಾವ, ನಲವತ್ತು ನನ್ನ ಒಬ್ಬಳ ಕೈಲಿ ಆಗಲ್ಲ, ಕಳ್ಸು’ ಎಂದೆ. ಕಳಿಸಿದ.

ಯುನಿಯಾಂಗ್

*

ಲಿನ್‌ಆನ್
ಒಂಬತ್ತನೆಯ ತಿಂಗಳು, ನಾಲ್ಕು

ಅತ್ತಿಗೆಗೆ,

ನಿಮ್ಮ ಪತ್ರವನ್ನು ನಾನು ಅಂಗಡಿಯ ಮುಂದೆ ನಿಂತು ಗಟ್ಟಿಯಾಗಿ ಓದಿದೆ. ಬೀದಿಯವರು ಎರಡನೆಯ ಸಲವೂ ಓದಿಸಿದರು. ಇನ್ನು ಮುಂದೆ ಚಿತ್ರಗಳನ್ನು ಇದ್ದ ಅಳತೆಯಲ್ಲೇ ಕಳಿಸುತ್ತೇನೆ. ಹಿಗ್ಗಿಸುವುದು ನಿಮ್ಮ ಕೆಲಸ. ಹಾಗೆ ಕಾಗದದ ಮೂಲೆಯಲ್ಲಿ ಬರೆದೂ ಇರುತ್ತೇನೆ.

ಲಾಭದ ಪಟ್ಟಿ ಮುಗಿಸಿಬಿಡುತ್ತೇನೆ. ಧೂಪದ ಸಂಘಕ್ಕೆ ಒಂದು ಧೂಪದಾನಿ. ಬಡಗಿಗೆ ನಲವತ್ತು ಪೀಠದ ಕೆಲಸ. ಕುಳಿಯನ್ನು ಬಳೆಗೆಂದೇ ಕೆತ್ತಿದ್ದೆ ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಲೂ ಜಿಂಗ್‌ರ ಮೊಮ್ಮಗನಿಗೆ ಕವಿತೆಗೊಂದು ವಿಷಯ. ಉಪ್ಪಿನ ದೋಣಿಯವನಿಗೆ ವರ್ಷವಿಡೀ ಬುಟ್ಟಿಗಳ ಬಾಡಿಗೆ. ಭಿಕ್ಷು ಹುಯಿಚಿಗೆ ಇಪ್ಪತ್ತೆಂಟು ದಿನದ ಪುಣ್ಯ. ವೆಂಗ್ ಬೊಗೆ ಹೊಟ್ಟೆಭಾಗದ ಅಂಚಿನಲ್ಲಿ ಒಂದು ಸಾಲು, ಅವನ ಮಗಳಿಗೆ ಕಸುಬು. ನನಗೆ ದಲ್ಲಾಳಿಯ ಪಾಲು, ನಲವತ್ತರ ಮೇಲೂ.

ನಿಮಗೆ ಆವಿಗೆಯ ಹೊಟ್ಟೆ, ಹತ್ತು ವರ್ಷಕ್ಕೆ. ಯಾವ ಜಾಗ ಯಾರದೆಂದು ಬರೆಯುವ ಗುಡಿಯ ಹಲಗೆಯ ಮೇಲೆ ಅಣ್ಣನ ಹೆಸರು ಅಳಿಸಿ ಯುನಿಯಾಂಗ್ ಎಂದು ಬರೆದರು ಎಂಬುದನ್ನು ನೀವು ಬರೆಸಿಲ್ಲ. ಯಜಮಾನರು ಬರೆದಿದ್ದಾರೆ.

ಶಿಸಾನ್